ರತ್ನಪುರದ ಹೊಂಡ ಮುಚ್ಚುವವರು ಯಾರು?

ಶ್ರೀಲಂಕಾದ ರತ್ನಪುರದ ಸುತ್ತಮುತ್ತ ನೀಲಮಣಿಯ ಗಣಿ ಎಂದರೆ ಗದ್ದೆಯ ನಡುವೆ ತೋಡಿದ ಚೌಕನೆಯ ಒಂದು ಹೊಂಡ. ಮೇಲೊಂದು ಸಣ್ಣ ಚಪ್ಪರ, ಬದಿಯಲ್ಲಿ ಬಿಡುವಿಲ್ಲದೆ ಗುಡುಗುಡುಗುಟ್ಟುವ ಪಂಪು, ಮಣ್ಣು ಮೇಲೆತ್ತಲು ಮರದ ರಾಟೆ, ತುಸು ಆಚೆಗೆ ಕಲ್ಲು ತೊಳೆಯುವ ಕೆಸರುನೀರಿನ ಗುಂಡಿ. ಇಷ್ಟೇ. ಸಿಡಿಮದ್ದಿಲ್ಲ, ಲಾರಿಗಳ ಸಾಲಿಲ್ಲ, ಊರಿಗೆಲ್ಲ ಕವಿಯುವ ಕೆಂಪು ದೂಳಿಲ್ಲ. ಸಂಡೂರಿನ ಗುಡ್ಡಗಳನ್ನು ನೋಡಿದವರಿಗೆ ಇದನ್ನು ಗಣಿ ಎಂದು ಕರೆಯುವುದಕ್ಕೇ ಮನಸ್ಸು ಬಾರದು. ಆದರೂ ಜಗತ್ತಿನ ಹೆಸರಾಂತ ನೀಲಮಣಿಗಳಲ್ಲಿ ಅನೇಕವು ಬಂದದ್ದು ಇಂಥ ನೆಲದಿಂದ. 1926ರಲ್ಲಿ ಪೆಲ್ಮಡುಲ್ಲದ ಭತ್ತದ ಗದ್ದೆಯಲ್ಲಿ ಸಿಕ್ಕ 392 ಕ್ಯಾರಟ್ಟಿನ 'ಬ್ಲೂ ಬೆಲ್ ಆಫ್ ಏಷ್ಯಾ' 2014ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1 ಕೋಟಿ 70 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹೋಯಿತು.

ರತ್ನದ ವ್ಯಾಪಾರದವರಲ್ಲಿ ಈ ಹೊಂಡಗಳಿಗೆ ಒಳ್ಳೆಯ ಹೆಸರು. ಕೈಯಲ್ಲಿ ತೋಡುತ್ತಾರೆ, ರಾಸಾಯನಿಕ ಬಳಸುವುದಿಲ್ಲ, ಕೆಲಸ ಮುಗಿದ ಮೇಲೆ ಮುಚ್ಚಿ ಮತ್ತೆ ಭತ್ತ ನೆಡುತ್ತಾರೆ; ನೆಲಕ್ಕೆ ಇಷ್ಟು ಕಡಿಮೆ ನೋವು ಮಾಡುವ ಗಣಿಗಾರಿಕೆ ಇನ್ನೆಲ್ಲೂ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಬೆಂಗಳೂರಿನ ಅಂಗಡಿಯಲ್ಲಿ ಸಾಡೇಸಾತಿಯ ಪರಿಹಾರಕ್ಕೆಂದು 'ಸಿಲೋನ್ ನೀಲ' ಕೇಳುವ ಗಿರಾಕಿಗೆ ಇದರ ಗೊಡವೆ ಇರಲಿಕ್ಕಿಲ್ಲ. ನಿಶ್ಚಿತಾರ್ಥದ ಉಂಗುರಕ್ಕೆ ಕಲ್ಲು ಆರಿಸುವ ಇಂದಿನ ಹುಡುಗ ಹುಡುಗಿಯರಲ್ಲಿ ಕೆಲವರು ಮಾತ್ರ ಕೇಳುತ್ತಿದ್ದಾರೆ: ಇದು ಯಾರ ನೆಲ ಕೆಡಿಸಿ ಬಂದದ್ದು? ಅವರಿಗೆ ಸಿಗುವ ಉತ್ತರ ಮೇಲಿನ ಹೊಗಳಿಕೆಯೇ. ಅದು ಸುಳ್ಳೇನಲ್ಲ. ಆದರೆ ಆ ಶ್ರೇಯಸ್ಸನ್ನು ಕೈಗೂ ಗುದ್ದಲಿಗೂ ಕೊಡುವುದು ತಪ್ಪು ಎಂಬುದು ನನ್ನ ತಕರಾರು. ರತ್ನಪುರದ ಗದ್ದೆ ಉಳಿದಿದ್ದರೆ ಅದಕ್ಕೆ ಕಾರಣ ಬೇರೆ. ಆ ಕಾರಣ ಇಲ್ಲದ ಕಡೆ ಅದೇ ಕೈ, ಅದೇ ಗುದ್ದಲಿ ಸಾಕಷ್ಟು ಹಾಳುಮಾಡಿವೆ.

ಮೊದಲು ಈ ಕಲ್ಲುಗಳು ಅಲ್ಲಿಗೆ ಹೇಗೆ ಬಂದವು ಎಂಬುದನ್ನು ನೋಡಬೇಕು. ಗರುಡಪುರಾಣ ಇದನ್ನು ಬಲಾಸುರನ ಕಥೆಯಾಗಿ ಹೇಳುತ್ತದೆ. ಅಸುರನ ರಕ್ತವನ್ನು ಸೂರ್ಯ ಹೊತ್ತೊಯ್ಯುತ್ತಿದ್ದಾಗ ರಾವಣ ಅಡ್ಡಗಟ್ಟಿದ, ರಕ್ತ ಸಿಂಹಳದ ಹೊಳೆಯೊಂದಕ್ಕೆ ಬಿತ್ತು, ಆ ಹೊಳೆ ರಾವಣಗಂಗೆಯಾಯಿತು, ಅದರ ದಡದಲ್ಲಿ ಮಾಣಿಕ್ಯ ಹುಟ್ಟಿತು. ಭೂವಿಜ್ಞಾನಿಗಳ ಕಥೆಯಲ್ಲಿ ಅಸುರನಿಲ್ಲ, ಹೊಳೆ ಮಾತ್ರ ಇದೆ. ದ್ವೀಪದ ನಡುವಿನ ಬೆಟ್ಟಗಳ ಬಂಡೆಗಳು ಸುಮಾರು 55 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡವು. ಅವು ಮಳೆಗೆ ಕರಗಿ, ಒಡೆದು, ಪುಡಿಯಾಗುತ್ತ ಬಂದರೂ ಅವುಗಳೊಳಗಿದ್ದ ಕುರುಂದ ಕರಗಲಿಲ್ಲ. ನೀಲಮಣಿ, ಮಾಣಿಕ್ಯ ಎರಡೂ ಕುರುಂದವೇ; ಗಡಸಿನಲ್ಲಿ ವಜ್ರದ ನಂತರದ್ದು. ತೂಕದಲ್ಲೂ ಅದು ಭಾರಿ: ಅದೇ ಗಾತ್ರದ ನೀರಿಗಿಂತ ನಾಲ್ಕು ಪಟ್ಟು ಹೆಚ್ಚು, ಬೆಣಚುಕಲ್ಲಾದರೆ ಎರಡೂಮುಕ್ಕಾಲು ಪಟ್ಟೂ ಇಲ್ಲ. ಹೊಳೆ ಮರಳನ್ನು ಒಯ್ದಿತು, ಭಾರದ ಕಲ್ಲುಗಳನ್ನು ತಿರುವಿನಲ್ಲಿ, ಬಂಡೆಯ ಸಂದಿನಲ್ಲಿ, ಹರಿವು ಸೊರಗಿದ ಕಡೆ ಬಿಟ್ಟುಹೋಯಿತು. ನೀಲದ ಜೊತೆಗೆ ಸ್ಪಿನೆಲ್, ಗಾರ್ನೆಟ್, ಜಿರ್ಕಾನ್, ಪುಷ್ಯರಾಗ, ವೈಡೂರ್ಯ ಎಲ್ಲವೂ ಒಂದೇ ಪದರದಲ್ಲಿ ಕೂತವು. ಆ ಕಲ್ಲುಗರಸಿನ ಪದರಕ್ಕೆ ಅಲ್ಲಿಯವರು 'ಇಲ್ಲಂ' ಎನ್ನುತ್ತಾರೆ.

ಕಾಲ ಕಳೆದಂತೆ ಹೊಳೆ ತನ್ನ ದಾರಿ ಬದಲಿಸಿತು. ಹಳೆಯ ಪಾತ್ರದ ಮೇಲೆ ಜೇಡಿ, ಮೆಕ್ಕಲು ತುಂಬಿ ಅದರ ಮೇಲೆ ಗದ್ದೆಗಳಾದವು. ಹಾಗಾಗಿ ನದಿಯ ಕಲ್ಲುಗರಸಿನಿಂದ ರತ್ನ ತೆಗೆಯುವುದು ಎಂದಾಗ ನಾವು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತೇವೆ. ಒಂದು, ಸತ್ತುಹೋದ ಹೊಳೆಯನ್ನು ಗದ್ದೆಯ ಅಡಿಯಿಂದ ತೋಡುವುದು. ಇನ್ನೊಂದು, ಇವತ್ತು ಹರಿಯುತ್ತಿರುವ ಹೊಳೆಯ ತಳವನ್ನೇ ಕೆರೆಯುವುದು. ಮಾರುವವರ ಹೊಗಳಿಕೆ ಈ ಎರಡನ್ನೂ ಒಟ್ಟಿಗೆ ಕಟ್ಟಿಬಿಡುತ್ತದೆ.

ಗದ್ದೆಯ ಹೊಂಡದ ಕಸುಬುಗಾರಿಕೆಗೆ ಮೆಚ್ಚುಗೆ ಸಲ್ಲಲೇಬೇಕು. ಆಳ 5 ಮೀಟರಿನಿಂದ 25 ಮೀಟರಿನವರೆಗೆ ಹೋಗುತ್ತದೆ. ನೀರು ತುಂಬಿದ ಜೇಡಿಮಣ್ಣು, ಯಾವ ಕ್ಷಣದಲ್ಲಾದರೂ ಗೋಡೆ ಜರಿಯಬಹುದು. ಇದನ್ನು ತಡೆಯಲು ಅವರು ಕಾಂಕ್ರೀಟು ಕಬ್ಬಿಣ ತರುವುದಿಲ್ಲ. ಅಡಿಕೆ ಮರ ಅಥವಾ ರಬ್ಬರ್ ಮರದ ತೊಲೆಗಳನ್ನು ಚೌಕಟ್ಟಾಗಿ ಒಂದರ ಮೇಲೊಂದು ಕೂರಿಸುತ್ತ ಇಳಿಯುತ್ತಾರೆ. ತೊಲೆಗೂ ಮಣ್ಣಿಗೂ ನಡುವೆ ಗುಡ್ಡದ ಬದಿಯಲ್ಲಿ ಪೊದೆಪೊದೆಯಾಗಿ ಬೆಳೆಯುವ ಜರಿಗಿಡದ ಸೊಪ್ಪನ್ನು ಒತ್ತಿ ತುಂಬುತ್ತಾರೆ. ಈ ಸೊಪ್ಪು ನೀರನ್ನು ಒಸರಲು ಬಿಡುತ್ತದೆ, ಮಣ್ಣನ್ನು ಬಿಡುವುದಿಲ್ಲ. ನೀರು ಒಸರಿ ಹೋದರೆ ಗೋಡೆಯ ಹಿಂದಿನ ಒತ್ತಡ ತಗ್ಗುತ್ತದೆ. ತಡೆಗೋಡೆ ಕಟ್ಟುವ ಇಂಜಿನಿಯರುಗಳು ಇದೇ ಕೆಲಸಕ್ಕೆ ರಂಧ್ರದ ಪೈಪು, ಜಲ್ಲಿ, ಬಟ್ಟೆಯಂಥ ಹಾಳೆ ಎಂದು ಲೆಕ್ಕ ಬರೆಯುತ್ತಾರೆ. ಇಲ್ಲಂ ಸಿಕ್ಕಿದ ಮೇಲೆ ಹೊಂಡವನ್ನು ಅಗಲ ಮಾಡುವುದಿಲ್ಲ. ಪದರವನ್ನೇ ಹಿಡಿದು ಅಡ್ಡ ಸುರಂಗ ತೋಡಿ ಕಲ್ಲುಗರಸನ್ನು ಮಾತ್ರ ಎಳೆದು ತರುತ್ತಾರೆ. ಮೇಲಿನ ಗದ್ದೆ ಬಹುಪಾಲು ಹಾಗೇ ಇರುತ್ತದೆ. ಹಾನಿ ಕಡಿಮೆಯಾಗುವುದಕ್ಕೆ ತಾಂತ್ರಿಕ ಕಾರಣ ಇದೇ. ಬೇಕಾದ ಪದರ ಎರಡಡಿ ದಪ್ಪವಿರುವಲ್ಲಿ ಅದರ ಮೇಲಿನ ನಲವತ್ತಡಿ ಮಣ್ಣನ್ನು ಎಕರೆಗಟ್ಟಲೆ ಬಗೆದು ಹಾಕುವುದು ಜೆಸಿಬಿಯ ಬುದ್ಧಿ. ಕೈ ಕೆಲಸದವರಿಗೆ ಅದು ಕೈಲಾಗದ ಕೆಲಸ, ಹಾಗಾಗಿ ಮಾಡುವುದಿಲ್ಲ. ಇದರಲ್ಲಿ ಪುಣ್ಯದ ಮಾತೇನೂ ಇಲ್ಲ.

ಮೇಲೆ ಬಂದ ಗರಸನ್ನು ಬಿದಿರಿನ ಬುಟ್ಟಿಗೆ ಹಾಕಿ, ಸೊಂಟದ ತನಕ ನೀರಿನಲ್ಲಿ ನಿಂತವರು ತಿರುಗಿಸುತ್ತಾರೆ. ನಮ್ಮ ಹೆಂಗಸರು ಮೊರದಲ್ಲಿ ಕೇರುವ ಲಯವೇ ಅಲ್ಲಿ ನೀರೊಳಗೆ ನಡೆಯುತ್ತದೆ. ಜೇಡಿ ಕರಗಿ ಹೋಗುತ್ತದೆ, ಹಗುರವಾದ ಕಲ್ಲು ಅಂಚಿನಿಂದ ಚಿಮ್ಮುತ್ತದೆ, ಭಾರದ್ದು ನಡುವೆ ಕೂರುತ್ತದೆ. ಕೊನೆಗೆ ಅನುಭವಸ್ಥನೊಬ್ಬ ಬುಟ್ಟಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಬೆರಳಾಡಿಸುತ್ತಾನೆ. ರತ್ನವನ್ನು ಬೇರ್ಪಡಿಸುವುದು ತೂಕ ಮತ್ತು ಕಣ್ಣು, ಎರಡೇ. ಚಿನ್ನದ ಹಾಗೆ ನೀಲಮಣಿಯನ್ನು ಪಾದರಸಕ್ಕೆ ಅಂಟಿಸಲು, ಸೈನೈಡಿನಲ್ಲಿ ಕರಗಿಸಲು ಬರುವುದಿಲ್ಲ. ರಾಸಾಯನಿಕ ಬಳಸದಿರುವುದು ರತ್ನಪುರದವರ ಸಂಯಮ ಎಂದು ಹಾಡಿ ಹೊಗಳುವವರು ಇದನ್ನು ಮರೆಯುತ್ತಾರೆ; ಅದು ಕಲ್ಲಿನ ಗುಣ. ನಮ್ಮ ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಚಿನ್ನದ ಕಣ ಸೋಸಿ ಬದುಕುತ್ತಿದ್ದ ಜಾಲಗಾರರೂ ಮರಿಗೆಯಲ್ಲಿ ನೀರಾಡಿಸಿಯೇ ಮರಳು ಕಳೆಯುತ್ತಿದ್ದರು. ಅವರ ಕೈಚಳಕ ಇವರಿಗಿಂತ ಕಡಿಮೆಯದಲ್ಲ. ಆದರೆ ಪುಡಿಚಿನ್ನ ಕೈಗೆ ಹತ್ತಬೇಕಾದರೆ ಕೊನೆಗೆ ಪಾದರಸದ ಮೊರೆ ಹೋಗಬೇಕು. ಕಲ್ಲು ಬೇರೆಯಾದರೆ ಕಸುಬಿನ ಪಾಪವೂ ಬೇರೆ.

ಹಾಗಾದರೆ ಮನುಷ್ಯರಿಗೆ ಸಲ್ಲುವ ಶ್ರೇಯಸ್ಸು ಯಾವುದು? ನನ್ನ ಪ್ರಕಾರ ಅದು ಪಾಲಿನ ಏರ್ಪಾಟು. ಒಂದು ಹೊಂಡದಲ್ಲಿ ಹಲವರಿಗೆ ಪಾಲು: ಜಮೀನಿನ ಒಡೆಯ, ಪರವಾನಗಿ ಮಾಡಿಸಿದವ, ಪಂಪಿನವ, ಹಣ ಹಾಕಿ ಊಟ ತಿಂಡಿ ನೋಡಿಕೊಳ್ಳುವವ, ಇಳಿದು ತೋಡುವವರು. ಸಿಕ್ಕ ಕಲ್ಲು ಮಾರಿದ ಮೇಲೆ ಹಣ ಒಪ್ಪಂದದಂತೆ ಹಂಚಿಕೆಯಾಗುತ್ತದೆ. ಇಂಥ ಹಂಚಿಕೆಗೆ ಹಳೆಯ ಬೇರುಗಳಿವೆ. 1344ರಲ್ಲಿ ದ್ವೀಪಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ ಬರೆದದ್ದನ್ನು ನೋಡಿದರೆ, ನೂರು ಫನಂ ಬೆಲೆ ಮುಟ್ಟುವ ಕಲ್ಲನ್ನು ದೊರೆ ಬೆಲೆ ಕೊಟ್ಟು ತೆಗೆದುಕೊಳ್ಳುತ್ತಿದ್ದ, ಅದಕ್ಕಿಂತ ಕಡಿಮೆಯದು ಸಿಕ್ಕಿದವರದೇ. ಈಗ ದೊರೆಯ ಜಾಗದಲ್ಲಿ ಸರ್ಕಾರ ಇದೆ. 1971ರ ಕಾಯ್ದೆಯಿಂದ ಹುಟ್ಟಿದ ಸ್ಟೇಟ್ ಜೆಮ್ ಕಾರ್ಪೊರೇಷನ್ನಿನ ಜಾಗಕ್ಕೆ 1993ರ ಕಾಯ್ದೆ ನ್ಯಾಷನಲ್ ಜೆಮ್ ಅಂಡ್ ಜ್ಯುವೆಲರಿ ಅಥಾರಿಟಿಯನ್ನು ತಂದಿತು. ತೋಡಲು ಅದರ ಪರವಾನಗಿ ಬೇಕು. ಹೊಂಡ ಮುಚ್ಚುತ್ತೇವೆ ಎಂಬುದಕ್ಕೆ ಠೇವಣಿ ಇಡಬೇಕು. ಮುಚ್ಚಿದರೆ ಅದು ವಾಪಸು, ಮುಚ್ಚದಿದ್ದರೆ ಆ ಹಣದಿಂದ ಪ್ರಾಧಿಕಾರವೇ ಮುಚ್ಚಿಸಬೇಕು.

ಪಾಲುದಾರರ ಪಟ್ಟಿಯಲ್ಲಿ ಜಮೀನಿನ ಒಡೆಯನನ್ನು ಗಮನಿಸಿ. ಅವನಿಗೆ ಕಲ್ಲಿನಲ್ಲಿ ಪಾಲಿದೆ, ಅದಕ್ಕಿಂತ ಹೆಚ್ಚಾಗಿ ಮುಂದಿನ ಹಂಗಾಮಿಗೆ ಗದ್ದೆ ಬೇಕಿದೆ. ಆ ಗದ್ದೆಯಲ್ಲಿ ಅವನ ಮನೆಯ ಅಕ್ಕಿ ಇದೆ. ತೋಡುವವರೂ ಹೆಚ್ಚಾಗಿ ಅದೇ ಊರಿನವರು, ಹೊಂಡವಿಲ್ಲದ ದಿನಗಳಲ್ಲಿ ಅದೇ ಬಯಲಿನಲ್ಲಿ ನಾಟಿಗೋ ಕೊಯ್ಲಿಗೋ ಹೋಗುವವರು. ಹೊಂಡ ತೆರೆದೇ ಉಳಿದರೆ ಊರಿನ ಎಮ್ಮೆಯೋ ಮಗುವೋ ಅದರಲ್ಲಿ ಬೀಳುತ್ತದೆ. ನೆಲವನ್ನು ಮರಳಿ ಪಡೆಯಲು ಹೆಸರು ಮುಖ ಇರುವ ಒಬ್ಬ ವ್ಯಕ್ತಿ ಬದುವಿನ ಮೇಲೆ ಕಾಯುತ್ತ ನಿಂತಿದ್ದಾನೆ. ರತ್ನಪುರದ ಒಳ್ಳೆಯ ಹೆಸರಿನ ಗುಟ್ಟು ಇದು. ಕೈಗುದ್ದಲಿ ಅದರ ಮುಂದೆ ಎರಡನೆಯ ಮಾತು.

ಇಲ್ಲೂ ಒಂದು ಕೊಸರು ಇದೆ. ಮುಚ್ಚುವುದೆಂದರೆ ತೆಗೆದ ಮಣ್ಣನ್ನು ತಿರುಗಿ ತುಂಬುವುದಷ್ಟೇ ಅಲ್ಲ. ಭತ್ತದ ಗದ್ದೆ ನೀರು ಹಿಡಿಯುವುದು ತಲೆತಲಾಂತರದ ಉಳುಮೆಯಿಂದ ಅಡಿಯಲ್ಲಿ ಕಟ್ಟಿಕೊಂಡ ಗಟ್ಟಿ ಪದರದಿಂದ. ಹೊಂಡ ಅದನ್ನು ತೂತು ಮಾಡುತ್ತದೆ. ಮೇಲ್ಮಣ್ಣನ್ನು ಬೇರೆ ರಾಶಿ ಮಾಡಿ, ತುಂಬುವಾಗ ಕೊನೆಗೆ ಹರಡಿ, ತುಳಿಸಿ ಗಟ್ಟಿ ಮಾಡಿದರೆ ಗದ್ದೆ ಮತ್ತೆ ಗದ್ದೆಯಾಗುತ್ತದೆ. ಕಲ್ಲು, ಜೇಡಿ, ಮೇಲ್ಮಣ್ಣು ಎಲ್ಲ ಕಲಸಿ ಸುರಿದರೆ ನೀರು ಬಸಿದು ಹೋಗುವ, ಎರಡು ಮಳೆಗಾಲಕ್ಕೆ ಕುಸಿಯುವ ಒಂದು ತಗ್ಗು ಉಳಿಯುತ್ತದೆ. ಸರ್ಕಾರಿ ಕಾಗದದಲ್ಲಿ ಎರಡೂ 'ಮುಚ್ಚಿದ ಹೊಂಡ'ವೇ. ಹೊಂಡಕ್ಕೆ ಹಗಲಿರುಳು ಪಂಪು ಹಾಕಿದಾಗ ಪಕ್ಕದ ಮನೆಯ ಬಾವಿಯ ನೀರು ಇಳಿಯುವುದನ್ನು ಯಾವ ಠೇವಣಿಯೂ ತುಂಬಿಕೊಡುವುದಿಲ್ಲ.

ಕಾಯುವವನಿಲ್ಲದ ಕಡೆ ಏನಾಗುತ್ತದೆ ಎಂದು ತಿಳಿಯಲು ರತ್ನಪುರ ಬಿಟ್ಟು ದೂರ ಹೋಗಬೇಕಾಗಿಲ್ಲ. ಮಾತಳೆ, ಪೊಲೊನ್ನರುವ ಜಿಲ್ಲೆಗಳಲ್ಲಿ, ದ್ವೀಪದ ಒಣಭಾಗದ ಅಂಚಿನಲ್ಲಿ, ಎಲಹೆರ ಎಂಬ ಇನ್ನೊಂದು ರತ್ನದ ಸೀಮೆ ಇದೆ. ಅಲ್ಲಿ ಕಲ್ಲು ಅರಸಿ ಹೊರಗಿನಿಂದ ಜನ ಬಂದರು, ಕಾಡಿನಂಚಿನಲ್ಲಿ, ಹೊಳೆಯ ದಂಡೆಯಲ್ಲಿ ತೋಡಿದರು, ಸಿಕ್ಕರೂ ಸಿಗದಿದ್ದರೂ ಬಿಟ್ಟು ಹೊರಟರು. ಬಿಟ್ಟ ಹೊಂಡಗಳಲ್ಲಿ ನಿಂತ ತಿಳಿನೀರು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ತೊಟ್ಟಿಲಾಯಿತು. 1990ರ ದಶಕದಲ್ಲಿ ಈ ಸೀಮೆಯಲ್ಲಿ ಸಂಶೋಧಕರು ಹೊಂಡಗಳಿಗೆ ಮತ್ತು ಹೊಳೆಯ ಮಡುಗಳಿಗೆ ಸೊಳ್ಳೆಮರಿ ಬೆಳೆಯದಂತೆ ತಡೆಯುವ ಔಷಧ ಹಾಕಿ ನೋಡಿದಾಗ ಸೊಳ್ಳೆಯೂ ಇಳಿಯಿತು, ಜ್ವರವೂ ಇಳಿಯಿತು. ಜ್ವರ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾ ಮುಕ್ತ ಎಂದು ಘೋಷಿಸಿತು, ದೊಡ್ಡ ಸಾಧನೆಯೇ. ಆದರೆ ಎಲಹೆರದ ಹೊಂಡಗಳನ್ನೂ ತೋಡಿದ್ದು ಕೈಗುದ್ದಲಿಯೇ ಎಂಬುದನ್ನು ಮರೆಯುವ ಹಾಗಿಲ್ಲ. ಅಲ್ಲಿ ರಾಸಾಯನಿಕವೂ ಇರಲಿಲ್ಲ, ಸಿಡಿಮದ್ದೂ ಇರಲಿಲ್ಲ.

ಠೇವಣಿಯ ಪದ್ಧತಿಯ ದೋಷ ಇಲ್ಲಿಯೇ ಕಾಣುತ್ತದೆ. ಹೊಂಡ ಆಳವಾದಷ್ಟೂ ತುಂಬುವ ಖರ್ಚು ಏರುತ್ತದೆ. ಕಲ್ಲು ಸಿಗದ ಹೊಂಡದಲ್ಲಿ ಸಾಲವಷ್ಟೇ ಸಿಕ್ಕಿರುತ್ತದೆ. ಅಂಥ ಹೊಂಡ ತುಂಬಿಸಲು ಕೂಲಿ ಕೊಡುವುದಕ್ಕಿಂತ ಠೇವಣಿ ಕಳೆದುಕೊಳ್ಳುವುದೇ ಅಗ್ಗವಾದರೆ ಯಾರೂ ತುಂಬುವುದಿಲ್ಲ. ಒಳ್ಳೆಯವರು ತುಂಬುತ್ತಾರೆ ಎಂಬ ಭರವಸೆಯ ಮೇಲೆ ಕಾನೂನು ಮಾಡಬಾರದು. ಬಳ್ಳಾರಿಯಲ್ಲಿ ನಾವು ಇದನ್ನು ಕಲಿತದ್ದು ತಡವಾಗಿ, ದುಬಾರಿಯಾಗಿ: 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಿ, ಆಮೇಲೆ ಒಂದೊಂದು ಗಣಿಗೂ ಪ್ರತ್ಯೇಕ ಪುನಶ್ಚೇತನ ಯೋಜನೆ ಬೇಕೆಂದು ಪಟ್ಟು ಹಿಡಿಯಬೇಕಾಯಿತು. ಅದಿರು ಬೇರೆ, ರತ್ನ ಬೇರೆ, ಪ್ರಮಾಣವಂತೂ ಹೋಲಿಸಲಾರದ್ದು. ಆದರೆ ಮುಚ್ಚುವ ಖರ್ಚನ್ನು ತೋಡುವ ಮೊದಲೇ, ಪೂರ್ತಿಯಾಗಿ, ಎಣಿಸಿ ಇಡಿಸಿಕೊಳ್ಳದಿದ್ದರೆ ಆಮೇಲೆ ಅದು ಊರಿನ ತಲೆಯ ಮೇಲೆ ಬೀಳುತ್ತದೆ ಎಂಬುದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಹರಿಯುವ ಹೊಳೆಯ ವಿಚಾರಕ್ಕೆ ಬಂದರೆ ನನ್ನ ಮೆಚ್ಚುಗೆ ಬತ್ತಿಹೋಗುತ್ತದೆ. ರತ್ನಪುರದ ಕಲು ಗಂಗೆಯಲ್ಲೂ ಅದರ ಉಪನದಿಗಳಲ್ಲೂ ಹಳೆಯ ಪದ್ಧತಿಯೊಂದಿದೆ. ಹೊಳೆಯ ಅಡ್ಡಕ್ಕೆ ಗೂಟ ನೆಟ್ಟು ಕಟ್ಟೆ ಕಟ್ಟುತ್ತಾರೆ, ಬಹಳ ಉದ್ದದ ಹಿಡಿಯ ಗುದ್ದಲಿಗಳಿಂದ ತಳದ ಮರಳು ಜಲ್ಲಿಯನ್ನು ಎಳೆದೆಳೆದು ಕೆದಕುತ್ತಾರೆ. ಹಗುರವಾದದ್ದನ್ನು ಹೊಳೆಯೇ ತೊಳೆದು ಒಯ್ಯುತ್ತದೆ, ಉಳಿದ ಭಾರದ ಗರಸನ್ನು ಬುಟ್ಟಿಗೆ ತುಂಬುತ್ತಾರೆ. ನೋಡಲು ಇದಕ್ಕಿಂತ ಚಂದದ ಕೆಲಸವಿಲ್ಲ. ಸಾಲಾಗಿ ನಿಂತ ಗಂಡಸರು, ಒಂದೇ ಲಯದಲ್ಲಿ ಏರಿಳಿಯುವ ಗುದ್ದಲಿಗಳು, ಪ್ರವಾಸಿಗರ ಕ್ಯಾಮೆರಾಗೆ ಹೇಳಿ ಮಾಡಿಸಿದ ಚಿತ್ರ. ಪಂಪು ಕೂಡ ಬೇಡ. ಇಂಧನದ ಲೆಕ್ಕದಲ್ಲಿ ಇದು ಗದ್ದೆಯ ಹೊಂಡಕ್ಕಿಂತಲೂ ಶುದ್ಧ.

ಹೊಳೆಯ ಲೆಕ್ಕ ಬೇರೆ. ತಳದ ಜಲ್ಲಿ ಅಲ್ಲಿ ಸುಮ್ಮನೆ ಬಿದ್ದಿರುವ ಸರಕಲ್ಲ. ಮಳೆಗಾಲದ ಸೆಳವು ತಳವನ್ನು ಕೊರೆಯದಂತೆ ಹಿಡಿದಿಡುವುದು ಆ ಉರುಟುಗಲ್ಲಿನ ಹಾಸು. ಅದರ ಸಂದುಗಳಲ್ಲಿ ಹುಳುಗಳ ಮರಿ, ಮೀನಿನ ಮೊಟ್ಟೆ ಇರುತ್ತವೆ. ಕಲ್ಲಿಗೆ ಬಾಯಿಯೂರಿ ಪಾಚಿ ತಿಂದು ಬದುಕುವ ಮೀನುಗಳಿವೆ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಜೀವವಿಜ್ಞಾನಿಗಳು ಒಂದೇ ಜೀವವೈವಿಧ್ಯದ ತಾಣವಾಗಿ ಎಣಿಸುತ್ತಾರೆ; ನಮ್ಮ ತುಂಗೆ, ಶರಾವತಿ, ಕುಮಾರಧಾರೆಯ ಹೊಳೆಮೀನುಗಳ ಹತ್ತಿರದ ನೆಂಟರು ರತ್ನಪುರವಿರುವ ಸಬರಗಮುವ ಪ್ರಾಂತದ ತೊರೆಗಳಲ್ಲಿದ್ದಾರೆ. ಅವುಗಳಲ್ಲಿ ಹಲವು ಲೋಕದಲ್ಲಿ ಬೇರೆಲ್ಲೂ ಸಿಗದಂಥವು. ತಳ ಕೆದಕಿದಾಗ ಎದ್ದ ಹೂಳು ಕೆಳಗೆ ಹೋಗಿ ಇನ್ನೊಂದು ಜಲ್ಲಿಹಾಸಿನ ಸಂದು ಮುಚ್ಚುತ್ತದೆ, ಮೊಟ್ಟೆಗೆ ಉಸಿರು ಸಿಗುವುದಿಲ್ಲ. ಒಂದು ಕಟ್ಟೆಯ ಕೆಲಸವನ್ನು ಒಂದು ಮಳೆಗಾಲ ತೊಳೆದು ಸರಿಮಾಡೀತು. ಒಂದು ಮೈಲಿಯಲ್ಲಿ ಹತ್ತು ಕಟ್ಟೆಯಾದಾಗ, ದಂಡೆಯ ಬುಡವನ್ನೂ ಬಗೆದಾಗ, ಮಳೆಗಾಲ ದಂಡೆಯನ್ನೇ ಒಯ್ಯುತ್ತದೆ. ಮರಳು ತೆಗೆದು ತೆಗೆದು ತುಂಗಭದ್ರೆಯ, ಕಾವೇರಿಯ ದಂಡೆಗಳು ಜರಿಯುವುದನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗದ್ದೆಗಿರುವ ಒಡೆಯ ಹೊಳೆಗಿಲ್ಲ. ಪಾಲು ಹಂಚುವಾಗ ಹೊಳೆಗೆ ಪಾಲಿಲ್ಲ, ಮುಂದಿನ ಹಂಗಾಮಿಗೆ ನನ್ನ ಜಾಗ ನನಗೆ ಬೇಕು ಎಂದು ಅದು ಬದುವಿನ ಮೇಲೆ ಬಂದು ನಿಲ್ಲುವುದಿಲ್ಲ. ಹೊಳೆಯ ಒಡೆತನ ಸರ್ಕಾರದ್ದು. ರತ್ನದ ಸೀಮೆಗಳನ್ನು ಹರಾಜು ಹಾಕುವುದೂ ಅದೇ ಸರ್ಕಾರ. ಬೊಗವಂತಲಾವದ ಚಹಾ ತೋಟಗಳ ನಡುವೆ ಹರಿಯುವ ಕೆಹೆಲ್ಗಮು ಓಯದಲ್ಲಿ ಕದ್ದು ನಡೆಯುವ ರತ್ನ ಶೋಧನೆಯಿಂದ ಎದ್ದ ಮಣ್ಣು ಜಲವಿದ್ಯುತ್ತಿನ ಕಾಸಲ್‌ರೀ ಜಲಾಶಯಕ್ಕೆ ಹೂಳಾಗಿ ಹೋಗುತ್ತದೆ. ಅಲ್ಲಿ ಸಿಗುವ ವೈಡೂರ್ಯ ಯಾರದೋ ಜೇಬಿಗೆ, ತಗ್ಗಿದ ವಿದ್ಯುತ್ತಿನ ಖರ್ಚು ದೇಶದ ಬಿಲ್ಲಿಗೆ.

ಕೈ ಕೆಲಸ ಎಂಬ ಒಂದೇ ಗುಣ ಎಷ್ಟು ದುರ್ಬಲ ಎಂಬುದನ್ನು ಮಡಗಾಸ್ಕರ್ ಇನ್ನೂ ಕಠೋರವಾಗಿ ತೋರಿಸುತ್ತದೆ. 1998ರಲ್ಲಿ ದಕ್ಷಿಣದ ಇಲಾಕಾಕದಲ್ಲಿ ನೀಲಮಣಿ ಕಂಡಾಗ ಹೆದ್ದಾರಿಯ ಬದಿಯ ಪುಟ್ಟ ಊರು ನೋಡನೋಡುತ್ತ ಪಟ್ಟಣವಾಯಿತು. ಇಸಾಲೊ ರಾಷ್ಟ್ರೀಯ ಉದ್ಯಾನದ ಮಗ್ಗುಲಿನಲ್ಲೇ ಬಯಲು ತುಂಬ ಹೊಂಡಗಳು, ಎಲ್ಲವೂ ಸಲಿಕೆ ಬುಟ್ಟಿಯ ಕೆಲಸ. 2012ರಲ್ಲೂ ಮತ್ತೆ 2016ರಲ್ಲೂ ಪೂರ್ವದ ಮಳೆಕಾಡುಗಳೊಳಗೆ ಸಾವಿರಾರು ಜನ ನುಗ್ಗಿದರು. ಊಟಕ್ಕೆ ಬೇಟೆ, ಗುಡಿಸಲಿಗೆ ಮರ, ತೊಳೆಯಲು ತೊರೆ. ಅವರನ್ನು ದೂರುವುದು ನನ್ನ ಇಂಗಿತವಲ್ಲ, ಹಸಿದವರಿಗೆ ಕಾಡಿನ ನೀತಿ ಹೇಳುವುದು ಸುಲಭ. ಅವರಿಗೂ ರತ್ನಪುರದವರಿಗೂ ಉಪಕರಣದಲ್ಲಿ ವ್ಯತ್ಯಾಸವಿಲ್ಲ. ಕೆದಕಿದ ನೆಲದ ಜೊತೆಗೆ ಬಾಳಬೇಕಾದ ಕಟ್ಟು ಮಡಗಾಸ್ಕರಿನವರಿಗಿಲ್ಲ.

ಇನ್ನೊಂದು ತುದಿಗೆ ಅಮೆರಿಕದ ಮೊಂಟಾನಾ. ಅಲ್ಲಿ ರಾಕ್ ಕ್ರೀಕ್ ಸೀಮೆಯ ನೀಲಮಣಿಯ ಗರಸನ್ನು ತೋಡುವುದು ಯಂತ್ರ, ತೊಳೆಯುವುದು ಯಂತ್ರ. ಆದರೆ ತೊಳೆದ ನೀರು ತೊರೆಗೆ ಹೋಗುವುದಿಲ್ಲ. ಹೂಳು ತಂಗುವ ಕೊಳಗಳಲ್ಲಿ ನಿಂತು ತಿಳಿಯಾಗಿ ಮತ್ತೆ ಯಂತ್ರಕ್ಕೇ ಬರುತ್ತದೆ. ಒಂದು ತುಂಡು ನೆಲ ಮುಗಿದಂತೆ ಅದನ್ನು ತುಂಬಿ, ತೆಗೆದಿಟ್ಟ ಮೇಲ್ಮಣ್ಣು ಹರಡಿ, ಹುಲ್ಲು ಬಿತ್ತಿ ಮುಂದಿನ ತುಂಡಿಗೆ ಹೋಗುತ್ತಾರೆ. ಬದುವಿನ ಮೇಲೆ ಕಾಯುವ ರೈತನ ಜಾಗದಲ್ಲಿ ಅಲ್ಲಿ ಕಾನೂನು ನಿಂತಿದೆ. ಕೈ ಕೆಲಸವೆಂದರೆ ಕಣ್ಣರಳಿಸುವ ನಮ್ಮಂಥವರಿಗೆ ಒಪ್ಪಲು ಕಷ್ಟವಾದರೂ, ಮುಚ್ಚದೆ ಬಿಟ್ಟ ಹತ್ತು ಕೈಹೊಂಡಗಳಿಗಿಂತ ಇಂಥ ಒಂದು ಯಂತ್ರದ ಗಣಿ ಹೊಳೆಗೆ ಕಡಿಮೆ ಕೇಡು ಮಾಡುತ್ತದೆ ಎಂದು ನಾನು ಹೇಳುತ್ತೇನೆ. ಹಾಗೆಂದು ರತ್ನಪುರದ ಗದ್ದೆಗೆ ಜೆಸಿಬಿ ಇಳಿಸಬೇಕೆಂದಲ್ಲ. ಅಲ್ಲಿ ಯಂತ್ರದ ಪರವಾನಗಿ ಪಡೆದು ಬಯಲು ಬಗೆದ ಕಡೆಗಳಲ್ಲಿ ಮೇಲ್ಮಣ್ಣು ಎಲ್ಲಿತ್ತು, ಗರಸು ಎಲ್ಲಿತ್ತು ಎಂದು ಹೇಳುವವರೂ ಇಲ್ಲದಂತಾಗುತ್ತದೆ. ಅಡಿಕೆ ಮರದ ಚೌಕಟ್ಟಿನ ಕಿರಿಹೊಂಡವೇ ಆ ನೆಲಕ್ಕೆ ಹೊಂದುವ ಕ್ರಮ.

ಮಾರುವವರ ಹೊಗಳಿಕೆಯಲ್ಲಿ ಯಾವಾಗಲೂ ಬಿಟ್ಟುಹೋಗುವ ಒಂದು ಲೆಕ್ಕವಿದೆ: ತೋಡುವವನದು. ನೆಲಕ್ಕೆ ಹಾನಿ ಕಡಿಮೆ, ಏಕೆಂದರೆ ಯಂತ್ರ ಮಾಡಬೇಕಾದ್ದನ್ನು ಅವನ ಮೈ ಮಾಡುತ್ತದೆ. ಅವನಿಗೆ ದಿನಗೂಲಿ ಎಂಬುದು ಹೆಚ್ಚಾಗಿ ಇಲ್ಲ. ಊಟ, ಕೈಖರ್ಚಿಗೆ ಒಂದಿಷ್ಟು, ಮಿಕ್ಕದ್ದು ಕಲ್ಲು ಸಿಕ್ಕಿದಾಗ. ಸಿಗದೆ ತಿಂಗಳುಗಳು ಹೋಗುತ್ತವೆ, ಕೆಲವರಿಗೆ ವರ್ಷಗಳೇ. ಸುರಂಗದೊಳಗೆ ಗಾಳಿ ಕಡಿಮೆ, ಪಂಪು ಕೆಟ್ಟರೆ ನೀರು ಏರುತ್ತದೆ, ಮಳೆ ಹೆಚ್ಚಿದ ರಾತ್ರಿ ಗೋಡೆ ಕುಸಿಯುತ್ತದೆ. ರತ್ನಪುರ ದ್ವೀಪದ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲೊಂದು. 2003ರ ಮತ್ತು 2017ರ ಮೇ ತಿಂಗಳುಗಳಲ್ಲಿ ಕಲು ಗಂಗೆಯ ಪ್ರವಾಹ ಎಷ್ಟು ಹಾನಿ ಮಾಡಿತು ಎಂಬುದು ಅಲ್ಲಿಯವರಿಗೆ ನೆನಪಿದೆ. ಹೆಂಗಸರು ಹೊಂಡದ ಬಳಿ ಸುಳಿಯುವಂತಿಲ್ಲ ಎಂಬ ನಂಬಿಕೆಯೂ ಉಂಟು, ಹಾಗಾಗಿ ಪಾಲಿನ ಪಟ್ಟಿಯಲ್ಲಿ ಅವರ ಹೆಸರು ಅಪರೂಪ. ಪರಿಸರಕ್ಕೆ ಹಗುರ ಎಂಬ ಮಾತಿನಲ್ಲಿ ಮನುಷ್ಯನ ಮೈಯನ್ನು ಪರಿಸರದ ಹೊರಗಿಟ್ಟು ಎಣಿಸಿದ್ದೇವೆ. ಆದರೂ ಪಾಲಿನ ಪದ್ಧತಿಯನ್ನು ಕಿತ್ತು ಬರಿ ಕೂಲಿ ತರಬೇಕೆಂದು ನಾನು ಹೇಳಲಾರೆ. ಕೂಲಿಯವನಿಗೆ ಹೊಂಡ ಒಡೆಯನದು, ಪಾಲುದಾರನಿಗೆ ತನ್ನದು; ಆ ತನ್ನತನ ಹೋದರೆ ಮುಚ್ಚುವ ಆಸ್ಥೆಯೂ ಅದರ ಜೊತೆಗೆ ಹೋಗುತ್ತದೆ. ಕನಿಷ್ಠ ಕೂಲಿಯ ಮೇಲೆ ಪಾಲು, ಜೊತೆಗೆ ವಿಮೆ, ಎಂಬ ನಡುದಾರಿ ಅಸಾಧ್ಯವೇನಲ್ಲ.

ಬೆಲೆ ಏರಿದಾಗ ಈ ಇಡೀ ಸಮತೋಲ ಅಲುಗಾಡುತ್ತದೆ. 1970ರ ದಶಕದ 'ಗ್ಯೂಡ' ಪ್ರಸಂಗ ಅದಕ್ಕೆ ಸಾಕ್ಷಿ. ಗ್ಯೂಡ ಎಂದರೆ ಹಾಲು ಬೆರೆತಂತೆ ಮಸುಕಾದ ಕುರುಂದ, ಕಿಮ್ಮತ್ತಿಲ್ಲದ್ದು. ಅದನ್ನು ಕುಲುಮೆಯಲ್ಲಿ ಕಾಸಿದರೆ ಅಚ್ಚನೀಲಿಯಾಗುತ್ತದೆಂದು ಥಾಯ್ಲೆಂಡಿನ ವ್ಯಾಪಾರಿಗಳು ಕಂಡುಕೊಂಡು ಅಗ್ಗಕ್ಕೆ ಕೊಂಡೊಯ್ದರು. ಗುಟ್ಟು ಹೊರಬಿದ್ದ ಮೇಲೆ ನಿನ್ನೆಯ ಕಸಕ್ಕೆ ಇವತ್ತು ಬೆಲೆ ಬಂತು, ಮುಚ್ಚಿದ ನೆಲದ ಮೇಲೂ ಜನರ ಕಣ್ಣು ಬಿತ್ತು. 2012ರಲ್ಲಿ ಕತರಗಾಮದ ಹತ್ತಿರ ರಸ್ತೆಗೆಂದು ತಂದು ಸುರಿದ ಮಣ್ಣಿನಲ್ಲಿ ನೀಲ ಕಂಡಾಗಲೂ ಊರಿಗೆ ಊರೇ ರಸ್ತೆ ಅಗೆಯಲು ಹೊರಟಿತ್ತು.

ಕೊಳ್ಳುವವರೇ ಈ ಹಾನಿಯನ್ನು ಸರಿಮಾಡಲಿ ಎನ್ನುವವರಿದ್ದಾರೆ. ಇಲ್ಲಿ ನನ್ನ ಅನುಮಾನ ಇನ್ನೂ ದೊಡ್ಡದು. ದುಬಾರಿ ನೀಲಮಣಿಯ ಜೊತೆಗೆ ಪ್ರಯೋಗಾಲಯದ ಒಂದು ಪ್ರಮಾಣಪತ್ರ ಬರುತ್ತದೆ. ಕಲ್ಲಿನೊಳಗಿನ ಸೂಕ್ಷ್ಮ ಎಳೆಗಳು, ದ್ರವದ ಗುಳ್ಳೆಗಳು, ಲೋಹಗಳ ಲವಲೇಶ ಪ್ರಮಾಣ ಇವನ್ನು ನೋಡಿ ಅದು ಸಿಲೋನಿನದೋ, ಕಾಶ್ಮೀರದ್ದೋ, ಮಡಗಾಸ್ಕರಿನದೋ ಎಂದು ತಜ್ಞರು ಅಭಿಪ್ರಾಯ ಕೊಡುತ್ತಾರೆ. ಕಾಸಿದ್ದೋ ಕಾಸದ್ದೋ ಎಂದೂ ಹೇಳುತ್ತಾರೆ. ಮುಚ್ಚಿದ ಗದ್ದೆಯಿಂದ ಬಂದದ್ದೋ, ಕೆದಕಿದ ಹೊಳೆಯಿಂದ ಬಂದದ್ದೋ ಎಂಬುದನ್ನು ಯಾವ ಸೂಕ್ಷ್ಮದರ್ಶಕವೂ ಹೇಳಲಾರದು. ಎರಡೂ ಒಂದೇ ಬೆಟ್ಟದ ಕಲ್ಲು. ಅದನ್ನು ಹೇಳಬಲ್ಲದ್ದು ಕಾಗದ ಮಾತ್ರ, ಅಂದರೆ ಹೊಂಡದ ಪರವಾನಗಿಯ ಸಂಖ್ಯೆ. ಹೊಂಡದ ಬಾಯಲ್ಲಿ ಆ ಸಂಖ್ಯೆ ಇದೆ, ಪ್ರಾಧಿಕಾರದ ಪುಸ್ತಕದಲ್ಲೂ ಇದೆ. ಕಲ್ಲು ರತ್ನಪುರದ ಬೀದಿಗೆ ಬಂದು ದಲ್ಲಾಳಿಯ ಅಂಗೈಯಿಂದ ಅಂಗೈಗೆ ದಾಟಿ, ನಗದಿಗೆ ಮಾರಾಟವಾಗಿ, ಬೇರುವಲದ ಸಂತೆಯಲ್ಲಿ ಬೇರೆ ಹತ್ತಾರು ಹೊಂಡಗಳ ಕಲ್ಲಿನ ಜೊತೆ ಒಂದೇ ಪೊಟ್ಟಣ ಸೇರುವ ಹೊತ್ತಿಗೆ ಅದು ಯಾವ ಹೊಂಡದ್ದೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ನನ್ನ ಪ್ರಕಾರ ಆಗಬೇಕಾದದ್ದು ಮೂರು: ಠೇವಣಿಯನ್ನು ಹೊಂಡದ ಆಳಕ್ಕೆ ತಕ್ಕಂತೆ ಏರಿಸುವುದು, ಹೊಳೆಯ ತಳಕ್ಕೆ ಪರವಾನಗಿಯನ್ನೇ ಕೊಡದಿರುವುದು, ಮೊದಲ ಮಾರಾಟದ ಚೀಟಿಯಲ್ಲಿ ಹೊಂಡದ ಸಂಖ್ಯೆ ಬರೆಯಿಸುವುದು. ಈ ಮೂರರಲ್ಲಿ ಕೊನೆಯದು ಎಲ್ಲಕ್ಕಿಂತ ಅಗ್ಗ. ಬೀದಿಯ ದಲ್ಲಾಳಿಗಳು ಎಲ್ಲಕ್ಕಿಂತ ಹೆಚ್ಚು ವಿರೋಧಿಸುವುದೂ ಬಹುಶಃ ಅದನ್ನೇ.